ಪೆನ್ಸಿಲ್ಲಿನಲ್ಲಿ ಬರೆದದ್ದು

ಅಂಗನವಾಡಿಗೆ ನೀರು ನುಗ್ಗಿದ ಮರುದಿನ
ಮಕ್ಕಳ ತೂಕದ ಪುಸ್ತಕ ಬಿಚ್ಚಿ ಹಗ್ಗಕ್ಕೆ ಒಣಹಾಕಿದೆ,
ಪುಟಕ್ಕೊಂದು ಬಟ್ಟೆಕ್ಲಿಪ್ಪು.
ಶಾಯಿಯಲ್ಲಿ ಬರೆದ ಕಿಲೋಗಳೆಲ್ಲ
ಕದಡಿ ನೀಲಿ ಮೋಡ.
ಪೆನ್ನು ಕಳೆದ ವಾರ ಪೆನ್ಸಿಲ್ಲಿನಲ್ಲಿ ಗೀಚಿದ್ದು ಮಾತ್ರ
ಇದ್ದ ಹಾಗೇ ಇತ್ತು:
ರುಕ್ಸಾರ್, ಒಂಬತ್ತೂವರೆ.
ದಯಾನಿಧಿ, ಎಂಟೂ ಮುಕ್ಕಾಲು.

ನಮ್ಮದು ಕೋಡಿಪಾಳ್ಯ.
ಕೆರೆ ತುಂಬಿದರೆ ಕೋಡಿ ಬೀಳುತ್ತಿದ್ದ ಜಾಗ.
ಕೆರೆಯ ಮೇಲೀಗ ಹದಿನಾಲ್ಕು ಅಂತಸ್ತು,
ಕೋಡಿಯಲ್ಲಿ ನಾವು.
ನೀರಿಗೆ ಹಳೆಯ ದಾರಿ ನೆನಪಿರುತ್ತದಂತೆ,
ಪೇಪರಿನಲ್ಲಿ ಬಂದಿತ್ತು. ಓದಿ ಹೇಳಿದೆ.
ನೀರುಗಂಟಿಯ ಮೊಮ್ಮಗಳು ಮುನಿನಂಜಮ್ಮ
ಎಲೆಯಡಿಕೆ ಉಗಿದು ನಕ್ಕಳು:
"ನೆನಪೂ ಇಲ್ಲ ಗಿನಪೂ ಇಲ್ಲ ಕಣವ್ವ,
ನೀರಿಗಿರೋದು ಇಳಿಜಾರು.
ನೆನಪಿಟ್ಕೊಳ್ಳೋ ಕೂಲಿ ನಮ್ದು."

ವಾರದ ಮೇಲೆ ಬ್ಯಾಡ್ಜು ತೊಟ್ಟ ಇಬ್ಬರು ಹುಡುಗಿಯರು,
ಚಾರ್ಟು, ಬಣ್ಣದ ಚೀಟಿ, ಬಿಸ್ಕತ್ತು.
ರೆಸಿಲಿಯನ್ಸ್ ಅಂದರು.
ಕನ್ನಡದಲ್ಲಿ ಏನು ಅಂದಳು ಟೈಲರ್ ಫರ್ಜಾನಾ.
ಫೋನು ನೋಡಿ ಹೇಳಿದರು: "ಸ್ಥಿತಿಸ್ಥಾಪಕತ್ವ."
ಅಷ್ಟು ಹೇಳಿ ಮುಗಿಸೋದ್ರಲ್ಲಿ ಮಂಚ ಮುಳುಗಿರುತ್ತೆ,
ಆರೋಗ್ಯಮೇರಿ ಅಂದಾಗ ಅವರೂ ನಕ್ಕರು, ಪಾಪ.
ತಾಳ್ಮೆ ಅಂತ ಬರೀಲಾ, ನಾನು ಕೇಳಿದೆ.
"ಬ್ಯಾಡ," ಕಸದ ಗಾಡಿಯ ಯಲ್ಲೂಬಾಯಿ ಎದ್ದೇ ನಿಂತಳು,
"ತಾಳಿದವನು ಬಾಳಿಯಾನು ಅಂದೂ ಅಂದೂ
ನಮ್ಮ ಬೆನ್ನ ಮೆಟ್ಲು ಮಾಡ್ಕೊಂಡ್ರು."
ಬಿಸ್ಕತ್ತು ಮುಗಿಯಿತು.
ಚಾರ್ಟಿನಲ್ಲಿ ಆ ಜಾಗ ಖಾಲಿಯೇ ಉಳಿಯಿತು.

ಆ ಸಂಜೆ ತೂಕದ ಪುಸ್ತಕದ ಹಿಂದಿನ ಪುಟದಲ್ಲಿ
ಪೆನ್ಸಿಲ್ಲಿನಲ್ಲಿ ಬರೆಯಲು ಕೂತೆ.
ಯಾರಿಗೆ ನಡೆಯಲಾಗದು. ಯಾರಿಗೆ ದಿನ ತುಂಬಿದೆ.
ಯಾರ ತಾರಸಿಗೆ ಬೀಗವಿಲ್ಲ.
ವಾಲ್ವ್‌ಮನ್ ಕುಳ್ಳಪ್ಪ ಕುಡಿದಿದ್ದ ರಾತ್ರಿ
ಮೈನ್ ಸ್ವಿಚ್ಚು ಆರಿಸುವವರು ಯಾರು.
ಏಣಿ ಎಲ್ಲಿ?
ಫರ್ಜಾನಾಗೂ ಆಟೋ ತಿಪ್ಪೇಶಿಗೂ ನಡುವಿನ ಗೋಡೆ
ಆರು ವರ್ಷದಿಂದ ಕೋರ್ಟಿನಲ್ಲಿದೆ.
ಏಣಿ ಆ ಗೋಡೆಗೇ ಒರಗಿರಲಿ,
ಕೇಸು ನಡೀತಾ ಇರಲಿ, ಎಂದು ತೀರ್ಮಾನವಾಯಿತು.
ತಿಂಗಳ ಚೀಟಿಯಲ್ಲಿ ಮಳೆಯ ಹೆಸರಿಗೂ ಒಂದು ಪಾಲು;
ಅದರ ಕಂತು ಎಲ್ಲರೂ ಗೊಣಗಿಕೊಂಡೇ ಕಟ್ಟುತ್ತಾರೆ.

ಸೆಪ್ಟೆಂಬರು. ರಾತ್ರಿ ಎರಡೂ ಹತ್ತು.
ಫರ್ಜಾನಾ ಕುಕ್ಕರ್ ಮುಚ್ಚಳ ಬಡಿದಳು.
ಅಸ್ಸಾಮಿನ ವಾಚ್‌ಮನ್ ಬಿಪುಲ್
ಮುನಿನಂಜಮ್ಮನನ್ನು ಉಪ್ಪಿನ ಮೂಟೆಯಂತೆ ಹೊತ್ತ;
ಉದ್ದಕ್ಕೂ ಬೈಯುತ್ತಲೇ ಬಂದಳು,
ಅವನಿಗೆ ಕನ್ನಡ ಬಾರದ್ದು ಒಳ್ಳೆಯದೇ ಆಯಿತು.
ಹೊಲಿಗೆ ಮಿಷಿನ್ನು ತಾರಸಿಗೆ ಹತ್ತಿಸಿದವನು ತಿಪ್ಪೇಶಿ.
ಮಾತಿಲ್ಲ, ಕತೆಯಿಲ್ಲ.
ಟಾರ್ಪಾಲಿನಡಿ ಹೆಸರು ಕೂಗಿದೆ,
ಒಂದೊಂದಕ್ಕೂ "ಇದೀನಿ" ಬಂತು.
ಎಲ್ಲರೂ ಬಂದರು ಅಂದೆ. ಪುಸ್ತಕ ಮುಚ್ಚಿದೆ.
ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು.

ಬೆಳಗಿನ ಜಾವ
ಮೂರನೇ ಅಡ್ಡರಸ್ತೆಯ ಕೊನೇ ಶೆಡ್ಡಿನಲ್ಲಿ
ಒಂದು ಮೊಬೈಲು ಬೆಳಕು,
ಆರುತ್ತ ಹತ್ತುತ್ತ.

ಯಾದಗಿರಿಯ ಭೀಮವ್ವ, ಬಂದು ಹತ್ತು ದಿನ.
ಎದೆಮಟ್ಟದ ನೀರಿನಲ್ಲಿ ಮಗುವನ್ನು ತಲೆಯ ಮೇಲೆ ಹಿಡಿದು
ಮೂರು ತಾಸು ನಿಂತಿದ್ದಳು.
ಮುಚ್ಚಳದ ಸದ್ದು ಕೇಳಲಿಲ್ಲವಾ?
"ಕೇಳ್ತರಿ. ಯಾರೋ ಜಗಳಾ ಆಡ್ಲಿಕತ್ತಾರ
ಅಂದ್ಕೊಂಡಿನ್ರಿ."

ಯಾರೂ ಮಾತಾಡಲಿಲ್ಲ.
ಫರ್ಜಾನಾ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಕೆಸರು ಬಳಿದು ತಕ್ಕಡಿ ತೊಳೆದು
ಮಗುವನ್ನು ತೂಗಿದೆ. ಏಳೂ ಕಾಲು.
ಹಿಂದಿನ ಪುಟದಲ್ಲಿ ಕಡೇ ಸಾಲಿಗೆ
ಪೆನ್ಸಿಲ್ಲು ಇಟ್ಟೆನಷ್ಟೆ,
"ಅಲ್ಲಲ್ಲ, ಮೇಲೆ," ಎಂದಳು ಯಲ್ಲೂಬಾಯಿ.
ಮೇಲೆ ಜಾಗವಿರಲಿಲ್ಲ.
ಮೊದಲ ಸಾಲಿನಲ್ಲಿದ್ದದ್ದು ನನ್ನ ಹೆಸರು.
ರಬ್ಬರು ಹುಡುಕಿದೆ.