ನಾಲ್ಕು ಕಾರ್ಡು

ಮುಚ್ಚಿಹೋದ ಮೀನಿನ ಕಂಪನಿಯ ಕಚೇರಿಯಿಂದ
ಹೊತ್ತು ತಂದ ಪೆಟ್ಟಿಗೆ ಇದು. ಮುಚ್ಚಳ ತೆಗೆದರೆ
ಇನ್ನೂ ಉಪ್ಪಿನ ವಾಸನೆ.
ಫ್ಯಾನಿನ ರೆಕ್ಕೆಗೆ ಅಂಟಿದ್ದ ಜಿಡ್ಡನ್ನು
ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದೆ;
ಅದು ತನ್ನ ಬ್ರಷ್ಷೆಂದು ಹೆಂಡತಿಗೆ ಆಮೇಲೆ ಗೊತ್ತಾಯಿತು.

ಈ ಗುಡ್ಡದ ಮೇಲೆ ಮನೆಗಳು ತಲೆಕೆಳಗು.
ರಸ್ತೆಯಿಂದ ಒಳಗೆ ಕಾಲಿಟ್ಟರೆ ಮೇಲಂತಸ್ತು,
ಇಳಿಯುತ್ತ ಹೋದಂತೆ ಮಿಕ್ಕವರು,
ಕಡೆಗೆ ಕೊಲ್ಲಿ, ಹಡಗು, ನಾನು ರಾತ್ರಿಪಾಳಿ ಕೂರುವ ಕ್ರೇನು.
ವಾಲ್ಪರೈಸೊದಲ್ಲಿ ಒಬ್ಬರ ಹೊಸ್ತಿಲು
ಇನ್ನೊಬ್ಬರ ತಗಡಿನ ಸೂರಿನ ಮಟ್ಟಕ್ಕೆ.

ಹೊರಗಿನಿಂದ ಬರುವುದು ಒಂದೇ ತಂತಿ, ಬಿಲ್ಲು ನನ್ನ ಹೆಸರಿಗೆ.
ಒಳಗೆ ಮೂರು ಒಲೆ.
ಅದಕ್ಕೇ ನಾಲ್ಕು ಕಾರ್ಡು. ಒಂದು ಮದರ್‌ಬೋರ್ಡಿನ ಜೊತೆಗೇ ಹುಟ್ಟಿದ್ದು,
ಮೂರು, ಭಾನುವಾರದ ಸಂತೆಯಲ್ಲಿ
ಒಂಟಿ ಬೂಟು, ಕೀಲಿ ಕಳೆದ ಬೀಗಗಳ ನಡುವೆ ಸಿಕ್ಕಿದ್ದು.

ಮೊದಲನೆಯದು ಲೋಕಕ್ಕೆ. ಎರಡನೆಯದು ನಮಗೆ.
ಮೂರನೆಯದು ಅತ್ತೆ ದೋನ್ಯಾ ಒತೀಲಿಯಾಗೆ, ಒಂದಂತಸ್ತು ಕೆಳಗೆ.
ನಾಲ್ಕನೆಯದು ಭಾವಮೈದ ನಿಬಾಲ್ದೊಗೆ, ಅದಕ್ಕೂ ಕೆಳಗೆ.
ದೋಣಿ ಮಾರಿದ ದುಡ್ಡು ಪಾಲಾದ ದಿನದಿಂದ
ಮೂರು ವರ್ಷ, ನನಗೂ ಅವನಿಗೂ ಮಾತಿಲ್ಲ.
ತಂತಿಯಾದರೂ ಅವನ ಕಿಟಕಿಗೆ ಇಳಿಯಲಿ ಎಂದಳು ಹೆಂಡತಿ.
ಎನ್ನಲೂ ಇಲ್ಲ, ಡ್ರಿಲ್ಲು ತಂದು ಮೇಜಿನ ಮೇಲಿಟ್ಟಳು.
ಆ ತಂತಿಯ ಕೊರಳಿಗೆ ಟೇಪು ಸುತ್ತಿ
ಹೆಸರು ಬರೆಯಲು ಮನಸ್ಸಾಗದೆ, "ಅವನು" ಎಂದು ಬರೆದೆ.

ಲಿನಕ್ಸ್ ಕೂತಿತು. ಕಾರ್ಡುಗಳೆಲ್ಲ ಹಸಿರು ಕಣ್ಣು ಬಿಟ್ಟವು.
ಆದರೂ ಒಂದರ ಮಾತು ಇನ್ನೊಂದಕ್ಕೆ ದಾಟಲಿಲ್ಲ.
ಹುಟ್ಟುಗುಣವಂತೆ: ತನಗಲ್ಲದ ಪ್ಯಾಕೆಟ್ ಬಂದರೆ
ಕೇಳಿಸಿಕೊಂಡು ಸುಮ್ಮನೆ ಕೈಬಿಡುವುದು.
ಎಲ್ಲೋ ಒಂದು ಕಡತದಲ್ಲಿ ಒಂದು ಸೊನ್ನೆ ಇದೆ,
ಅದನ್ನು ಒಂದು ಮಾಡಬೇಕು, ಅಷ್ಟೆ.
ಅಷ್ಟನ್ನು ಹುಡುಕಲು ಎರಡು ರಜೆ ಹೋದವು.

ಆಮೇಲೆ ಮಾರುವೇಷದ ನಿಯಮ:
ಒಳಗಿನವರು ಯಾರೇ ಹೊರಟರೂ
ಒಂದೇ ವಿಳಾಸ ತೊಟ್ಟು ಹೊಸ್ತಿಲು ದಾಟಬೇಕು.
ಲೋಕದ ಕಣ್ಣಿಗೆ ನಾವು ಒಂದೇ ಮನೆ;
ನಿಬಾಲ್ದೊ ನೋಡುವ ಕುದುರೆ ಜೂಜೂ ನನ್ನ ಲೆಕ್ಕಕ್ಕೇ.

ಗೋಡೆ ಕಟ್ಟುವ ಹುಮ್ಮಸ್ಸಿನಲ್ಲಿ
ಎಲ್ಲರನ್ನೂ ತಡೆ ಎಂದು ಮೊದಲು ಬರೆದು,
ನನ್ನನ್ನು ಬಿಡು ಎನ್ನುವುದನ್ನು ಮುಂದಿನ ಸಾಲಿಗೆ ಉಳಿಸಿಕೊಂಡಿದ್ದೆ.
ಮುಂದಿನ ಸಾಲು ಬರೆಯಲು ಒಳಗೆ ಬಿಡಲಿಲ್ಲ ಅದು.
ಕೂತ ಕೊಂಬೆ ಕಡಿದವನಂತೆ
ಅಡುಗೆಮನೆಯ ಟೀವಿಯನ್ನೇ ಹೊತ್ತು ಅಟ್ಟ ಹತ್ತಿದೆ.

ಅತ್ತೆ ನೋಡಲು ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಹತ್ತೊಂಬತ್ತು ವರ್ಷ ತಂತಿಗಳನ್ನು ತೂತಿಗೆ ಚುಚ್ಚಿದವರು.
"ನಡುವೆ ಕೂತು ಕೇಳಿಸಿಕೊಳ್ಳುತ್ತದೆಯೇ ಇದು?"
ಬೇಕಾದರೆ ಕೇಳಬಹುದು, ಎಂದೆ.
"ನಾನೂ ಕೇಳುತ್ತಿದ್ದೆ," ಎಂದು ಇಳಿದು ಹೋದರು.

ಆಗಸ್ಟಿನ ಗಾಳಿಮಳೆಗೆ ಕರೆಂಟು ಹೋಗಿ ಬಂತು.
ಪೆಟ್ಟಿಗೆ ಎದ್ದು, ತನಗೆ ತೋಚಿದಂತೆ
ಕಾರ್ಡುಗಳಿಗೆ ಹೊಸದಾಗಿ ನಾಮಕರಣ ಮಾಡಿತ್ತು.
ಮೂರು ಒಂದಾಗಿ, ನಾಲ್ಕು ಎರಡಾಗಿ,
ಲೋಕ ಯಾವ ಬಾಗಿಲಲ್ಲಿದೆಯೋ ಅದಕ್ಕೇ ತಿಳಿಯದು.

ಕದ ಬಡಿದದ್ದು ನಿಬಾಲ್ದೊ. ತೋಯ್ದ ಅಂಗಿ.
"ನೆಟ್ ಇಲ್ಲ."
"ನಮಗೂ ಇಲ್ಲ."
ಮತ್ತೆ ಏನು ಹೇಳುವುದೋ ಇಬ್ಬರಿಗೂ ತೋಚದೆ
ಅಟ್ಟ ಹತ್ತಿದೆವು. ಟಾರ್ಚು ಹಿಡಿದ.

ಪ್ರತಿ ಕಾರ್ಡಿನ ಬೆನ್ನಿಗೂ ಹನ್ನೆರಡು ಅಕ್ಷರದ ಮಚ್ಚೆ ಇರುತ್ತದೆ,
ಹೆಸರು ಬದಲಾದರೂ ಅದು ಬದಲಾಗದು.
ಅವನು ಓದಿದ, ನಾನು ಕುಟ್ಟಿದೆ.
ಎಂಟನ್ನು ಬಿ ಎಂದ. ಕೆಲಸ ಕೆಟ್ಟಿತು. ಮತ್ತೆ ಓದಿದ.
ನಡುವೆ ಟೇಪಿನ ಮೇಲೆ ಬೆಳಕು ಬಿದ್ದು, ನಿಂತಿತು.
ಏನೂ ಅನ್ನಲಿಲ್ಲ. ಪೆನ್ನು ಕೇಳಿ,
ಅದನ್ನು ಹೊಡೆದುಹಾಕಿ "ಕೆಳಗೆ" ಎಂದು ಬರೆದ.

ಮರುದಿನ ಮೆಟ್ಟಿಲ ಮೇಲೆ ಎದುರಾದ,
ಎಂದಿನಂತೆ ಕೊಲ್ಲಿಯ ಕಡೆ ನೋಡುತ್ತ ಹೋದ.

ಈಗ ಹೆಸರುಗಳು ಕದಲುವುದಿಲ್ಲ.
ಗಾಳಿ ಬೀಸಿದರೂ, ಕರೆಂಟು ಹೋದರೂ.
ಅದೇ ಒಂದು ಸಣ್ಣ ಬೇಸರ.
ಪಾಳಿಯಿಲ್ಲದ ರಾತ್ರಿ ಕೆಳಗಿನ ತಂತಿಗೆ ಒಂದು ಪಿಂಗ್ ಕಳಿಸುತ್ತೇನೆ.
ಅರ್ಧ ಮಿಲಿಸೆಕೆಂಡಿಗೆ ಉತ್ತರ ಬರುತ್ತದೆ.
ಇನ್ನೊಂದು ಕಳಿಸುತ್ತೇನೆ.