ಇಳಿಯುವಾಗ ಕೊಡುತ್ತೇನೆ

ಲೇಡಿಹಿಲ್ಲಿನ ಮಹಡಿ ಕ್ಲಿನಿಕ್ಕಿನಲ್ಲಿ
ನನ್ನ ಮಗಳ ಪ್ರಾಯದ ಡಾಕ್ಟರ್ ಶಮೀನಾ
ಮೂರು ಶಬ್ದ ಕೊಟ್ಟರು: ಹಿಡಿದುಕೊಳ್ಳಿ,
ಐದು ನಿಮಿಷ ಬಿಟ್ಟು ವಾಪಸು ಕೇಳುತ್ತೇನೆ.
ಕೊಡೆ. ಕುದುರೆ. ಇನ್ನೊಂದು.

ಈಗ ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಎಂದರು.
ಯಾರ ಹತ್ತಿರ ಹೇಳುತ್ತೀರಿ ಮಾರಾಯ್ರೇ!
ಮೂವತ್ತೆರಡು ವರ್ಷ
ಓಡುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ಒಂದೇ ಕಾಲೂರಿ,
ಬೆರಳ ಸಂದಿಗೆ ನೋಟು ಉದ್ದುದ್ದ ಮಡಚಿಟ್ಟು
ಚಿಲ್ಲರೆ ಎಣಿಸಿದವನ ಹತ್ತಿರ!
ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು
ಅವರ ಪೆನ್ನು ನನ್ನ ಹಿಂದೆ ಓಡಿ ಬಂತು,
ಸ್ಟಾಪು ದಾಟಿದ ಬಸ್ಸಿಗೆ ಕೈ ಮಾಡುವ ಕಾಲೇಜು ಹುಡುಗನ ಹಾಗೆ.
ಹದಿನಾರು, ಒಂಬತ್ತು, ಎರಡು.
ಉಳಿದ ಎರಡು? ಎಂಬಂತೆ ನೋಡಿದರು.
ಇಳಿಯುವಾಗ ಕೊಡುತ್ತೇನೆ, ಎಂದೆ.
ಪಾಪ, ಕನ್ನಡಕ ತೆಗೆದು ನಕ್ಕರು.

ನಗು ಮುಗಿದ ಮೇಲೆ: ಆ ಮೂರು ಶಬ್ದ?
ಕೊಡೆ. ಕುದುರೆ.
ಫ್ಯಾನು ತಿರುಗುತ್ತಿತ್ತು.
ಎಡಗೈ ತಾನಾಗಿ ಸೊಂಟದ ಬಳಿ ಹುಡುಕಿತು,
ಅಲ್ಲೀಗ ಚರ್ಮದ ಚೀಲ ಇಲ್ಲ.

ಪ್ರಾಯಕ್ಕೆ ತಕ್ಕ ಮರೆವು, ಹೆದರಬೇಡಿ ಎಂದು
ಚೀಟಿ ಬರೆದರು: ಬಿಪಿ ನೋಡಿಸಿ, ಕಿವಿ ತೋರಿಸಿ,
ನಡೆಯಿರಿ, ನಿದ್ರೆ ಬಿಡಬೇಡಿ,
ಜನರೊಟ್ಟಿಗೆ ಮಾತಾಡಿ, ಹೊಸದೇನಾದರೂ ಕಲಿಯಿರಿ.
ಆರು ತಿಂಗಳಿಗೆ ಬನ್ನಿ. ಬರುವುದು ನೆನಪಿರಲಿ.

ಕಲಿಯುತ್ತಿದ್ದೇನಲ್ಲ, ವಲೇರಿಯನ್ ಜಗಲಿಯಲ್ಲಿ, ಚೆಸ್ಸು.
ಕುದುರೆ ನೆನಪುಳಿದದ್ದು ಅದರಿಂದಲೇ ಇರಬೇಕು,
ನಿನ್ನೆಯೂ ಎರಡು ಕುದುರೆ ತಿಂದ.
ಸೋತ ಸಿಟ್ಟಿಗೆ ನಾನು ಎದ್ದು ಹೊರಟರೆ
ಚಪ್ಪಲಿ ನಿಮ್ಮದಲ್ಲ ಸಂಕಪ್ಪಣ್ಣ, ಅಂದ.

ಮನೆಯಲ್ಲಿ ವಾರಿಜ ನನಗೆಂದೇ
ಬಾವಿಕಟ್ಟೆಯ ಬದಿಯ ತಿಮರೆ ಕೊಯ್ದು ಚಟ್ನಿ ಅರೆಯುತ್ತಾಳೆ,
ಬುದ್ಧಿಗೆ ಒಳ್ಳೆಯದಂತೆ.
ಕೊಯ್ದ ಸೊಪ್ಪು ಎಲ್ಲಿಟ್ಟೆನೆಂದು ಅರ್ಧ ಗಂಟೆ ಹುಡುಕಿ
ಆಮೇಲೆ ಅರೆಯುತ್ತಾಳೆ.

ಬಸ್ಸು ಹತ್ತಿದೆ.
ಮೆಷಿನ್ನು ಹಿಡಿದ ಹುಡುಗ, ದುಂಬು ಪೋಲೆ ಅಜ್ಜೇರೆ, ಎಂದ.
ನನ್ನದೇ ಮಾತು, ನನಗೇ ಟಿಕೆಟು.
ಹಿರಿಯರ ಸೀಟಿನಲ್ಲಿ ಕೂತು ತುಟಿಯೊಳಗೇ ಕೂಗಿದೆ:
ಉರ್ವಸ್ಟೋರ್, ಕೊಟ್ಟಾರ ಚೌಕಿ, ಕೂಳೂರು,
ಪಣಂಬೂರು, ಬೈಕಂಪಾಡಿ, ಹೊನ್ನಕಟ್ಟೆ,
ಮತ್ತೆ ತಿರುಗಿಸಿ, ಹೊನ್ನಕಟ್ಟೆ, ಬೈಕಂಪಾಡಿ
ಒಂದೂ ಬಿದ್ದಿಲ್ಲ.
ಕೊಟ್ಟಾರ ಚೌಕಿಯಲ್ಲಿ ಇಳಿಯುತ್ತಿದ್ದ ಬೆನೆಡಿಕ್ಟಾ ಟೀಚರಿಗೆ
ತೊಂಬತ್ತೊಂದನೇ ಇಸವಿಯ ಎಪ್ಪತ್ತೈದು ಪೈಸೆ ಬಾಕಿ,
ಟಿಕೆಟಿನ ಹಿಂದೆ ನಾನೇ ಬರೆದು ಕೊಟ್ಟದ್ದು,
ಆ ಶಾಯಿಯ ಬಣ್ಣ ಕೂಡಾ ನೆನಪುಂಟು.
ಇವತ್ತಿನ ಒಂದು ಶಬ್ದ, ಬೆಳಿಗ್ಗೆ ಹನ್ನೊಂದಕ್ಕೆ ಕೈಗೆ ಬಂದದ್ದು,
ಎಲ್ಲಿ ಇಳಿದು ಹೋಯಿತು?

ಕೂಳೂರು ಸಂಕದ ಮೇಲೆ ಹೊಳೆಯನ್ನು ನೋಡಿದೆ. ಕೊಡೆ, ಕುದುರೆ, ದೋಣಿ?
ದೋಣಿ ಅಲ್ಲ.
ಮನಸ್ಸೂ ಒಬ್ಬ ಹಳೇ ಕಂಡಕ್ಟರೇ ಇರಬೇಕು:
ಕೇಳಿದ ಕೂಡಲೇ ಚಿಲ್ಲರೆ ಇಲ್ಲ ಎನ್ನುತ್ತದೆ,
ಮುಖ ಆಚೆ ತಿರುಗಿಸುತ್ತದೆ,
ಕೇಳುವುದನ್ನು ಬಿಟ್ಟರೆ ಮಾತ್ರ
ದುಡ್ಡು ಅದರ ಪಾಲು.
ನಾನು ಬಿಡಲಿಲ್ಲ. ಸಂಜೆ ಎಲ್ಲ ಕೇಳಿದೆ.
ಗಂಜಿ ಊಟದಲ್ಲಿ ಕೇಳಿದೆ, ಮಾತ್ರೆ ನುಂಗುವಾಗ ಕೇಳಿದೆ.

ರಾತ್ರಿ ಎರಡೂಕಾಲು.
ಜೋಕಟ್ಟೆ ಕಡೆಯಿಂದ ಗೂಡ್ಸು ರೈಲಿನ ಉದ್ದನೆಯ ಸದ್ದು,
ಅದರ ಕೊನೆಯ ಡಬ್ಬಿಯಲ್ಲೋ ಎಂಬಂತೆ, ಬಂತು.
ಲಿಂಬೆ!
ಕೂಗಿಯೇ ಬಿಟ್ಟೆ, ರೈಟ್ ಪೋಯಿ ಎನ್ನುವ ಸ್ವರದಲ್ಲಿ.
ವಾರಿಜ ಕಣ್ಣು ಬಿಡಲಿಲ್ಲ.
ಫ್ರಿಜ್ಜಿನ ಬಾಗಿಲಲ್ಲಿ ಉಂಟು, ನಾಲ್ಕು, ಎಂದಳು,
ಮಗ್ಗುಲಾದಳು.

ಎದ್ದು ಹೋಗಿ ನೋಡಿದೆ.
ಆ ಚಿಕ್ಕ ಬೆಳಕಿನಲ್ಲಿ ಬರಿಗಾಲಲ್ಲಿ ನಿಂತು
ಎರಡು ಸಲ ಎಣಿಸಿದೆ.
ಮೂರು.
ಬಂದು ಮಲಗಿದೆ, ಏನೂ ಹೇಳಲಿಲ್ಲ.
ಒಂದು ಲಿಂಬೆ ಬಾಕಿ.
ಇರಲಿ,
ಇಳಿಯುವಾಗ ಕೊಡುತ್ತಾಳೆ.