ನಡುವಿನ ಎರಡಕ್ಷರ

ದಂಡಿನ ಸ್ಮಶಾನದ ಬೀಗದಕೈ ನನ್ನ ಹತ್ತಿರ.
ಪಾಲಿಕೆಯ ಗುತ್ತಿಗೆ; ತಿಂಗಳ ಸಂಬಳ
ಎರಡು ತಿಂಗಳಿಗೊಮ್ಮೆ. ಕೆಲಸ ಇಷ್ಟೇ:
ಜಾಲಿ ಕಡಿಯುವುದು, ಓತಿಕ್ಯಾತ ಓಡಿಸುವುದು,
ಅದಿರು ಲಾರಿಗಳು ಎಬ್ಬಿಸಿದ ಕೆಂಧೂಳನ್ನು
ಗೋರಾಗಳ ಹೆಸರಿನ ಮೇಲಿಂದ ಒರೆಸುವುದು.

ಮೂಲೆಯ ಬೇವಿನಡಿ ಒಂದು ಮೋಟು ಕಲ್ಲು.
ಮೇಲಿನ ಮೂರು ಸಾಲು ಇಂಗ್ಲಿಷು:
ಸಿಪಾಯಿ, ಕಾಲರಾ, ವಯಸ್ಸು ಇಪ್ಪತ್ತೆರಡು.
ನಾಲ್ಕನೆಯದರಲ್ಲಿ ಅಕ್ಷರ ಇಂಗ್ಲಿಷಿನವೇ,
ಮಾತು ಅಲ್ಲ.
ದಫ್ತರದ ಪಟ್ಟಿಯಲ್ಲಿ ಅದರೆದುರು
'ಅಸ್ಪಷ್ಟ' ಎಂದು ಬರೆದು ಸಹಿ ಹಾಕಿದ್ದಾರೆ.

ಏಪ್ರಿಲ್ಲಿನ ಮಧ್ಯಾಹ್ನ, ಬಳ್ಳಾರಿ ಗುಡ್ಡ
ಕಾದ ಹೆಂಚಾಗಿ ಕೂತಿದ್ದ ಹೊತ್ತು,
ಕೌಲ್ ಬಜಾರಿನ ಖಲಂದರನ ಆಟೋದಿಂದ ಇಳಿದಳು.
ನರೆತ ಕೆಂಚುಕೂದಲು, ಹೆಸರು ನೂಲಾ.
ನಮ್ಮ ನೂಲಿನ ಹಾಗೇ, ಅಂದ ಖಲಂದರ,
ಎಳೆದರೆ ಮುಗಿಯೋದೇ ಇಲ್ಲ ಈಕೆಯ ಮಾತು.

ಮಂಡಿಯೂರಿ ನಾಲ್ಕನೆಯ ಸಾಲಿಗೆ ಬೆರಳಿಟ್ಟು
ಒಂದನೆತ್ತೆ ಮಗುವಿನಂತೆ ಕೂಡಿಸಿ ಕೂಡಿಸಿ ಓದಿದಳು.
"ಐರಿಶ್ ಅಂತೆ ಭಾಯ್. ಆಕೆಯ ಅಜ್ಜಿಯ ಕಾಲದ್ದು.
ಈಕೆಗೂ ಬರುತ್ತಿರಲಿಲ್ಲವಂತೆ,
ನಲವತ್ತೆರಡಕ್ಕೆ ರಾತ್ರಿಶಾಲೆ ಸೇರಿ ಕಲಿತಳಂತೆ.
ಈಗಲೂ ತಪ್ಪುತ್ತಾಳಂತೆ."

ಕೊನೆಯ ಪದಕ್ಕೆ ನಿಂತುಬಿಟ್ಟಳು.
ಮೊದಲಕ್ಷರ ಇದೆ, ಕೊನೆಯದೂ ಇದೆ,
ನಡುವಿನ ಎರಡನ್ನು ನಮ್ಮೂರ ಗಾಳಿ ತಿಂದಿದೆ.
ಅನಮ್ ಆದರೆ ಜೀವ.
ಅನಿಮ್ ಆದರೆ ಹೆಸರು.
ದೇವರೇ, ಕರುಣೆಯಿಡು ಇವನ
ಯಾವುದರ ಮೇಲೆ?

ನೆರಳಲ್ಲಿ ಒಗ್ಗಾಣಿ ಮಿರ್ಚಿ ತಿನ್ನುತ್ತ ಹೇಳಿದಳು
(ಕಣ್ಣಲ್ಲಿ ನೀರು, ಅದು ಮಿರ್ಚಿಗೆ):
ಮುತ್ತಜ್ಜಿಯ ಕೊರಳಿಗೆ ಶಾಲೆಯಲ್ಲಿ
ಒಂದು ಕೋಲು ಕಟ್ಟುತ್ತಿದ್ದರಂತೆ.
ಮನೆಮಾತು ಬಾಯಿಗೆ ಬಂದಾಗಲೆಲ್ಲ
ಕೋಲಿಗೊಂದು ಕಚ್ಚು.
ಸಂಜೆ ಕಚ್ಚು ಎಣಿಸಿ ಅಷ್ಟೇ ಏಟು.
ಕೋಲು ಎಲ್ಲೋ ಬಿದ್ದುಹೋಯಿತು, ಆದರೆ ಆಕೆ
ತನ್ನ ಮಕ್ಕಳನ್ನು ಕೊನೆತನಕ
ಇಂಗ್ಲಿಷಿನಲ್ಲೇ ಮುದ್ದಿಸಿದಳಂತೆ.

ನಾನು ಬೇವಿನ ಕಡ್ಡಿ ಮುರಿಯುತ್ತ ಕೂತಿದ್ದೆ.
ನಮ್ಮ ಹಾಸ್ಟೆಲಿನಲ್ಲಿ ಕೋಲಿರಲಿಲ್ಲ.
ನಗು ಇತ್ತು.
ಯಾಡಿ ಅಂದರೆ ನಗು, ಬಾಟಿ ಅಂದರೆ ನಗು.
ಮೇಷ್ಟ್ರು ಒಳ್ಳೆಯವರು, ಯಾರನ್ನೂ ಹೊಡೆದವರಲ್ಲ.
ಹಾಜರಿ ಪುಸ್ತಕದಲ್ಲಿ ಹೇಮ್ಲ್ಯಾ ಅನ್ನುವುದನ್ನಷ್ಟೇ
ಒಂದೇ ಗೆರೆಯಲ್ಲಿ ಹೊಡೆದು
ಹೇಮಂತ ಎಂದು ದುಂಡಗೆ ಬರೆದರು.
ನನಗೂ ಚಂದ ಕಂಡಿತ್ತು.

ಕನ್ನಡದ ಮೇಲೆ ದೂರಿಲ್ಲ.
ಅನ್ನ ಕೊಟ್ಟಿದೆ, ಜಗಳಾಡಲು ಕಲಿಸಿದೆ,
ಹೆಂಡತಿಯನ್ನು ಒಲಿಸಿದ್ದೂ ಅದರಲ್ಲೇ, ಇದನ್ನು ಬರೆಯುವುದೂ.
ಆದರೆ ಕನಸಿಗೆ ಬರುವ ಅಜ್ಜಿ
ತುಟಿ ಅಲ್ಲಾಡಿಸುತ್ತಾಳೆ, ದನಿ ಇರುವುದಿಲ್ಲ.

ನಿನ್ನದರಲ್ಲಿ ಹೆಸರಿಗೆ ಏನು? ಕೇಳಿದಳು ನೂಲಾ.
ನಾಮ.
ಜೀವಕ್ಕೆ?
ಜೀವ.
ಎರಡೂ ಕನ್ನಡವೇ ಆಯ್ತಲ್ಲೋ, ಖಲಂದರ ನಕ್ಕ.
ಬೇರೆ ಏನಾದರೂ ಹೇಳಲು ಬಾಯಿ ತೆರೆದೆ.
ಬಂದದ್ದು, ಅಜ್ಜಿ ಮೇಕೆಗಳಿಗೆ ಬೈಯುತ್ತಿದ್ದ ಬೈಗುಳ;
ಇಲ್ಲಿ ಬರೆಯುವಂಥದ್ದಲ್ಲ.
ನೂಲಾ ಅದನ್ನು ಭಕ್ತಿಯಿಂದ ಪುಸ್ತಕದಲ್ಲಿ ಬರೆದುಕೊಂಡು
ಗೋರಿಗಳ ನಡುವೆ ನಿಂತು
ಮೂರು ಸಲ ಗಟ್ಟಿಯಾಗಿ ಅಂದಳು.

ಬೀಗ ಹಾಕುವ ಮುಂಚೆ ಪಟ್ಟಿ ತೆಗೆದೆ.
'ಅಸ್ಪಷ್ಟ' ಹೊಡೆದೆ.
'ಹೆಸರು, ಇಲ್ಲವೇ ಜೀವ' ಎಂದು ಬರೆದೆ.
ಸಾಹೇಬರು ಕೇಳಿದರೆ ಕೇಳಲಿ.

ರಾತ್ರಿ ಸಂಡೂರಿನ ತಾಂಡಾಕ್ಕೆ ಫೋನು ಹಚ್ಚಿದೆ.
"ಯಾಡಿ, ಬಾಟಿ ಖಾದೀ ಕಾಂಯಿ?"
ಆಚೆ ಸದ್ದಿಲ್ಲ.
ಆಮೇಲೆ ಕನ್ನಡದಲ್ಲಿ, ಹೆದರಿದ ದನಿ:
"ಯಾರ್ರೀ ಮಾತಾಡೋದು?"

"ಹೇಮ್ಲ್ಯಾ" ಅಂದೆ.

ಎಲ್ಲೋ ಒಂದು ಮೇಕೆ ಕೂಗಿತು.
ಮತ್ತೆ ಯಾಡಿ ಶುರುಮಾಡಿದಳು ನೋಡಿ,
ಇಪ್ಪತ್ತೆಂಟು ವರ್ಷದ್ದೆಲ್ಲ ಒಂದೇ ಉಸಿರಿಗೆ.
ಅರ್ಧಕ್ಕರ್ಧ ತಿಳಿಯಲಿಲ್ಲ.
ಹ್ಞೂಂ, ಹ್ಞೂಂ ಅನ್ನುತ್ತ
ಕರೆನ್ಸಿ ಮುಗಿಯುವ ತನಕ
ಕಿವಿಗೆ ಹಿಡಿದೇ ಇದ್ದೆ.